ಗೆಲುವಿನ ಲೆಕ್ಕ

ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಸಂಜೆಯ ಹೊತ್ತು ನಡೆದಾಡುವವರಿಗೆ ಒಂದು ನೋಟ ಚಿರಪರಿಚಿತವಾದುದು. ಜಯನಗರದ ಶಾಲಿನಿ ಮೈದಾನವಾಗಲಿ, ಬನಶಂಕರಿಯ ಖಾಲಿ ನಿವೇಶನವಾಗಲಿ, ಜೆ.ಪಿ. ನಗರದ ಒಂದು ಅಡ್ಡರಸ್ತೆಯಾಗಲಿ, ಶಾಲೆ ಬಿಟ್ಟ ಹುಡುಗರು ಎರಡು ತಂಡಗಳಾಗಿ ಒಡೆದು ಕ್ರಿಕೆಟ್ ಆಡುತ್ತಿರುತ್ತಾರೆ. ಒಂದರ ಮೇಲೊಂದು ಜೋಡಿಸಿದ ಇಟ್ಟಿಗೆಗಳೇ ಅವರ ವಿಕೆಟ್ಟು. ಅವರ ನಿಯಮಗಳು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಆದರೂ ಎಲ್ಲರಿಗೂ ಬಾಯಿಪಾಠ. ಚೆಂಡು ಎದುರುಮನೆಯ ಕಾಂಪೌಂಡಿನೊಳಗೆ ಬಿದ್ದರೆ ಔಟು. ನೆಲಕ್ಕೆ ಒಮ್ಮೆ ಪುಟಿದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟು. ಬ್ಯಾಟು ಯಾರದೋ ಅವನಿಗೆ ಮೊದಲ ಆಟ.

ಆಟ ರಂಗೇರಿದಾಗಲೇ ಕತ್ತಲೆ ಕವಿಯುತ್ತದೆ. ಬೀದಿಯ ದೀಪಗಳು ಹತ್ತಿಕೊಳ್ಳುತ್ತವೆ. ಗೇಟಿನ ಬಳಿ ನಿಂತು ತಾಯಂದಿರು ಕೂಗುತ್ತಾರೆ. ಮೊದಲು ಆಡಿದ ತಂಡ 52 ರನ್ ಗಳಿಸಿದೆ. ಎರಡನೆಯ ತಂಡ 45 ರನ್ ಗಳಿಸಿ ಇನ್ನೂ ಆಡುತ್ತಿದೆ. "ನಾವೇ ಗೆದ್ದದ್ದು, ನೀವು ನಮ್ಮಷ್ಟು ಹೊಡೆದಿಲ್ಲ" ಎಂದು ಒಬ್ಬ. "ನಮ್ಮವರು ಇನ್ನೂ ಮೂರು ಜನ ಇದ್ದಾರಲ್ಲೋ, ಮುಗಿದಿದ್ದರೆ ತಾನೆ ಸೋಲು?" ಎಂದು ಇನ್ನೊಬ್ಬ. ಮನೆಯ ಬಾಗಿಲವರೆಗೂ ಈ ವಾದ ಮುಂದುವರಿಯುತ್ತದೆ.

ಇದನ್ನು ಹುಡುಗಾಟದ ಜಗಳವೆಂದು ತಳ್ಳಿಹಾಕುವಂತಿಲ್ಲ. ಸಾವಿರಾರು ಜನರ ಮುಂದೆ, ತೀರ್ಪುಗಾರರ ಸಮಕ್ಷಮದಲ್ಲಿ ನಡೆಯುವ ದೊಡ್ಡ ಪಂದ್ಯಗಳನ್ನೂ ಇದೇ ಪ್ರಶ್ನೆ ಕಾಡಿದೆ. ಕಾಲ ಮುಗಿಯಿತು, ಆಟ ಮುಗಿಯಲಿಲ್ಲ, ಗೆದ್ದವರು ಯಾರು? ಒಂದೊಂದು ಆಟವೂ ಇದಕ್ಕೆ ತನ್ನದೇ ಆದ ಉತ್ತರವನ್ನು ಕಂಡುಕೊಂಡಿದೆ. ಆ ಉತ್ತರದಿಂದ ಕರ್ನಾಟಕಕ್ಕೆ ಒಮ್ಮೆ ಬಹುಕಾಲದ ಕನಸು ಕೈಗೂಡಿತು. ಮತ್ತೊಮ್ಮೆ ಕೈಯಲ್ಲಿದ್ದ ಬಹುಮಾನವೇ ಜಾರಿಹೋಯಿತು.

ಹಲವು ದಿನ ನಡೆಯುವ ಕ್ರಿಕೆಟ್ಟಿನಲ್ಲಿ ಎರಡೂ ತಂಡಗಳಿಗೆ ಎರಡೆರಡು ಬಾರಿ ಆಡುವ ಅವಕಾಶವುಂಟು. ಅಂಥ ಒಂದೊಂದು ಸರದಿಗೂ ಇನ್ನಿಂಗ್ಸ್ ಎಂದು ಹೆಸರು. ಎದುರಾಳಿಯ ಎರಡು ಇನ್ನಿಂಗ್ಸ್‌ಗಳನ್ನೂ ಮುಗಿಸಿ, ಅವರ ಒಟ್ಟು ರನ್ನುಗಳಿಗಿಂತ ಹೆಚ್ಚು ರನ್ ಗಳಿಸಿದ ತಂಡಕ್ಕೆ ಪೂರ್ಣ ಜಯ. ಆಟವೆಲ್ಲ ಮುಗಿದು ಎರಡೂ ಕಡೆಯ ಮೊತ್ತ ಸರಿಸಮವಾದರೆ ಅದು 'ಟೈ'. ಇದು ಅತ್ಯಂತ ಅಪರೂಪ. ಟೆಸ್ಟ್ ಪಂದ್ಯಗಳ ದೀರ್ಘ ಇತಿಹಾಸದಲ್ಲಿ ಎರಡು ಬಾರಿ ಮಾತ್ರ, 1960ರಲ್ಲಿ ಬ್ರಿಸ್ಬೇನ್‌ನಲ್ಲಿ ಮತ್ತು 1986ರಲ್ಲಿ ಮದರಾಸಿನಲ್ಲಿ, ಹೀಗಾಗಿದೆ. ಆದರೆ ಗೊತ್ತುಪಡಿಸಿದ ದಿನಗಳು ಕಳೆದರೂ ಆಟ ಪೂರೈಸದಿದ್ದರೆ ಅದು 'ಡ್ರಾ'. ಟೈ ಎಂಬುದು ಸರಿಸಮನಾದ ಫಲಿತಾಂಶ. ಡ್ರಾ ಎಂಬುದು ಫಲಿತಾಂಶವೇ ಇಲ್ಲದ ಸ್ಥಿತಿ. ಪತ್ರಿಕೆ ಓದುವ ಹಿರಿಯರೂ ಎಷ್ಟೋ ವೇಳೆ ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು.

ಎರಡು ದೇಶಗಳು ಐದು ಟೆಸ್ಟ್‌ಗಳನ್ನಾಡುವಾಗ ಒಂದು ಡ್ರಾ ಆದರೆ ನಷ್ಟವೇನೂ ಇಲ್ಲ. ತೊಡಕು ಬರುವುದು ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ ಎಂಬ ಏರ್ಪಾಡು ಇರುವ ಸ್ಪರ್ಧೆಯಲ್ಲಿ. ನಮ್ಮ ದೇಶದ ರಾಜ್ಯಗಳು ಸೆಣಸುವ ರಣಜಿ ಟ್ರೋಫಿ ಅಂಥದು. ಅಲ್ಲಿ ಸೆಮಿಫೈನಲ್ ಡ್ರಾ ಆದರೆ ಇಬ್ಬರನ್ನೂ ಫೈನಲಿಗೆ ಕಳುಹಿಸಲಾಗದು; ಇಬ್ಬರನ್ನೂ ಮನೆಗೆ ಕಳುಹಿಸಲೂ ಆಗದು. ಆದುದರಿಂದ ಒಂದು ನಿಯಮವನ್ನು ಮಾಡಿಕೊಂಡರು: ಪಂದ್ಯ ಪೂರ್ಣಗೊಳ್ಳದಿದ್ದರೆ, ಮೊದಲ ಇನ್ನಿಂಗ್ಸಿನಲ್ಲಿ ಹೆಚ್ಚು ರನ್ ಗಳಿಸಿದ ತಂಡವೇ ಗೆದ್ದಂತೆ. ಇದಕ್ಕೆ 'ಮೊದಲ ಇನ್ನಿಂಗ್ಸ್ ಮುನ್ನಡೆ' ಎನ್ನುತ್ತಾರೆ. ಕೇಳಲು ಸಣ್ಣ ಮಾತು. ಇದರ ಬಲದ ಮೇಲೆ ಎಷ್ಟೋ ವರ್ಷಗಳ ಕಿರೀಟಗಳು ಕೈ ಬದಲಾಯಿಸಿವೆ.

ರಣಜಿ ಟ್ರೋಫಿಯಲ್ಲಿ ನಮ್ಮ ನಾಡಿನ ಆರಂಭ ಶುಭಕರವಾಗಿರಲಿಲ್ಲ. ಸ್ಪರ್ಧೆಯ ಮೊತ್ತಮೊದಲ ಪಂದ್ಯ 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಮದರಾಸು ಮತ್ತು ಮೈಸೂರು ತಂಡಗಳ ನಡುವೆ ಆರಂಭವಾಯಿತು. ಆರಂಭವಾದ ದಿನವೇ ಮುಗಿದೂ ಹೋಯಿತು. ಮೈಸೂರು ಒಮ್ಮೆ 48, ಇನ್ನೊಮ್ಮೆ 59 ರನ್ನುಗಳಿಗೆ ಕುಸಿಯಿತು. ಮದರಾಸು ಒಂದೇ ಬಾರಿ ಆಡಿ 130 ರನ್ ಗಳಿಸಿತ್ತು. ಎರಡು ಸಲ ಆಡಿದರೂ ಎದುರಾಳಿಯ ಒಂದು ಸಲದ ಮೊತ್ತಕ್ಕೆ 23 ರನ್ ಕಡಮೆ! ಅಲ್ಲಿ ಯಾವ ವಿಶೇಷ ನಿಯಮದ ಅಗತ್ಯವೂ ಬೀಳಲಿಲ್ಲ.

ಮುಂದೆ ಮೈಸೂರು ತಂಡ ಬೆಳೆಯಿತು. 1941-42ರಲ್ಲಿ ಫೈನಲ್ ತಲಪಿ ಬೊಂಬಾಯಿಗೆ ಸೋತಿತು. 1959-60ರಲ್ಲಿ ಮತ್ತೆ ಫೈನಲ್ ತಲಪಿತು. ಮತ್ತೆ ಬೊಂಬಾಯಿಗೇ ಸೋತಿತು. ಅಂದಿನ ಬೊಂಬಾಯಿ ತಂಡದ ಬಲ ಎಂಥದೆಂಬುದನ್ನು ಇಂದಿನ ಮಕ್ಕಳು ಊಹಿಸುವುದು ಕಷ್ಟ. 1958-59ರಿಂದ 1972-73ರವರೆಗೆ ಸತತವಾಗಿ ಹದಿನೈದು ವರ್ಷ ರಣಜಿ ಟ್ರೋಫಿ ಆ ತಂಡದ ಬೀರುವಿನಲ್ಲಿಯೇ ಇತ್ತು. ಬೊಂಬಾಯಿ ಗೆದ್ದ ಆ ಮೊದಲ ವರ್ಷ ಹುಟ್ಟಿದ ಮಗು ಹೈಸ್ಕೂಲು ಸೇರುವ ವೇಳೆಗೂ ಬೇರೊಂದು ತಂಡ ಗೆದ್ದುದನ್ನು ಕಂಡಿರಲಿಲ್ಲ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆಯಿತು. ಹೊಸ ಹೆಸರಿನ ರಾಜ್ಯದ ತಂಡ ಅದೇ ಋತುವಿನಲ್ಲಿ ಸೆಮಿಫೈನಲಿಗೆ ಬಂದು ನಿಂತಾಗ ಎದುರಿಗೆ ಇದ್ದದ್ದು ಅದೇ ಹಳೆಯ ಬೊಂಬಾಯಿ. 1974ರ ಮಾರ್ಚಿಯಲ್ಲಿ, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಬಳಿ ಇನ್ನೂ ಕಟ್ಟಿ ಪೂರೈಸದಿದ್ದ ಹೊಸ ಕ್ರೀಡಾಂಗಣದಲ್ಲಿ ಪಂದ್ಯ ನಡೆಯಿತು. ಇಂದು ಅದು ಎಂ. ಚಿನ್ನಸ್ವಾಮಿ ಕ್ರೀಡಾಂಗಣವೆಂದು ಪ್ರಸಿದ್ಧವಾಗಿದೆ. ಬೊಂಬಾಯಿಯ ಪರ ಸುನಿಲ್ ಗಾವಸ್ಕರ್ ಇದ್ದರು. ಮೂರು ವರ್ಷಗಳ ಹಿಂದೆ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಸರಣಿ ಗೆದ್ದುಕೊಟ್ಟ ನಾಯಕ ಅಜಿತ್ ವಾಡೇಕರ್ ಇದ್ದರು. ಕರ್ನಾಟಕದ ನಾಯಕರು ಎರಪಳ್ಳಿ ಪ್ರಸನ್ನ. ಇವರು ವೆಸ್ಟ್ ಇಂಡೀಸ್ ಪ್ರವಾಸ ಮಾಡಿ ಬಂದ ಮೇಲೂ ಎಂಜಿನಿಯರಿಂಗ್ ಪದವಿಗಾಗಿ ಕೆಲವು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರವಿದ್ದು ಓದು ಮುಗಿಸಿ ಹಿಂದಿರುಗಿದವರು. ಅವರ ಜೊತೆಗಾರ ಬಿ.ಎಸ್. ಚಂದ್ರಶೇಖರ್ ಬಾಲ್ಯದಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈಯಿಂದಲೇ ಚೆಂಡೆಸೆದು ಜಗತ್ತಿನ ದಾಂಡಿಗರನ್ನು ಕಂಗೆಡಿಸಿದವರು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ 230 ರನ್ ಗಳಿಸಿ ಬೆರಗು ಮೂಡಿಸಿದ್ದವರು. ಇವರಾರೂ ಆಟವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರಲ್ಲ. ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರರು. ರಾಜ್ಯಕ್ಕಾಗಿ ಆಡಿ ಬದುಕು ಸಾಗಿಸುವ ಕಾಲ ಆಗಿನ್ನೂ ಬಂದಿರಲಿಲ್ಲ.

ಕರ್ನಾಟಕ ಮೊದಲು ಆಡಿತು. ವಿಶ್ವನಾಥ್ 162 ರನ್ ಗಳಿಸಿದರು. ಎತ್ತರ ಕಡಮೆ, ಆದರೆ ಮಣಿಕಟ್ಟಿನ ಒಂದು ತಿರುವಿನಿಂದ ಚೆಂಡನ್ನು ಗಡಿ ದಾಟಿಸುವ ಅವರ ಆಟದಲ್ಲಿ ಬಲಪ್ರದರ್ಶನವೇ ಇರಲಿಲ್ಲ. ತರುಣ ಬ್ರಿಜೇಶ್ ಪಟೇಲ್ 106 ರನ್ ಸೇರಿಸಿದರು. ತಂಡದ ಮೊತ್ತ 385. ಇದರಲ್ಲಿ ಇಬ್ಬರದೇ 268. ಉಳಿದವರೆಲ್ಲ ಸೇರಿ, ಇತರೆ ರನ್ನುಗಳೂ ಕೂಡಿ, 117. ಅಂಕಪಟ್ಟಿಯನ್ನು ಹೀಗೆ ಬಿಡಿಸಿ ನೋಡಿದರೆ ತಂಡದ ಮೊತ್ತದ ಹಿಂದೆ ಯಾರ ಹೆಗಲು ಇತ್ತೆಂಬುದು ತಿಳಿಯುತ್ತದೆ.

385 ದೊಡ್ಡ ಮೊತ್ತವೇ ಹೌದು. ಬೊಂಬಾಯಿಯ ಮುಂದೆ ಸುರಕ್ಷಿತವೆನ್ನುವಂತಿರಲಿಲ್ಲ. ಗಾವಸ್ಕರ್ ಇನ್ನೂ 30ರಲ್ಲಿದ್ದಾಗ ಪ್ರಸನ್ನ ಅವರಿಗೆ ಒಂದು ಚೆಂಡನ್ನು ಗಾಳಿಯಲ್ಲಿ ತೇಲಿಸಿ ಬಿಟ್ಟರು. ಪ್ರಸನ್ನ ಅವರ ವಿದ್ಯೆಯೇ ಅದು: ಚೆಂಡು ಇಲ್ಲಿ ಬೀಳುತ್ತದೆಂದು ದಾಂಡಿಗ ಹೆಜ್ಜೆ ಹಾಕುವಷ್ಟರಲ್ಲಿ ಅದು ಅಲ್ಲಿಗೆ ಬಾರದೆ ಇನ್ನೊಂದು ಕಡೆ ಇಳಿಯುತ್ತದೆ. ದೇಶದ ಅತ್ಯಂತ ಭದ್ರ ದಾಂಡಿಗನ ವಿಕೆಟ್ಟು ಚೆದರಿತು. ಅಷ್ಟಾದರೂ ಭಯ ತೊಲಗಲಿಲ್ಲ. ವಾಡೇಕರ್ ನೆಲೆಯೂರಿ ಆಡತೊಡಗಿದರು. ರನ್ ಏರುತ್ತಲೇ ಹೋಯಿತು. ಅವರು 62 ಗಳಿಸಿದ್ದಾಗ ಒಂದು ರನ್ನಿಗಾಗಿ ಓಡುವಾಗ ಕಾಲು ಜಾರಿತು. ಸಾವರಿಸಿಕೊಳ್ಳುವ ಮುನ್ನ ಅವರು ರನ್ ಔಟ್ ಆಗಿದ್ದರು. ಹದಿನೈದು ವರ್ಷದ ಸಾಮ್ರಾಜ್ಯ ಒಂದು ಹೆಜ್ಜೆಯ ಜಾರುವಿಕೆಯಿಂದ ಅಲುಗಿತು ಎಂದರೆ ಪೂರ್ಣ ಸತ್ಯವಾಗದು. ಆದರೆ ಆ ಹೆಜ್ಜೆ ಜಾರದಿದ್ದರೆ ಏನಾಗುತ್ತಿತ್ತು ಎಂಬ ಮಾತು ಐವತ್ತು ವರ್ಷದ ಮೇಲೂ ನಿಂತಿಲ್ಲ. ಉಳಿದ ಒಂಬತ್ತು ವಿಕೆಟ್‌ಗಳನ್ನು ಪ್ರಸನ್ನ ಮತ್ತು ಚಂದ್ರಶೇಖರ್ ತಮ್ಮಿಬ್ಬರಲ್ಲೇ ಹಂಚಿಕೊಂಡರು: ಪ್ರಸನ್ನ ಐದು, ಚಂದ್ರಶೇಖರ್ ನಾಲ್ಕು. ಬೊಂಬಾಯಿಯ ಮೊತ್ತ 307.

ಇಲ್ಲಿಗೆ ಫಲಿತಾಂಶ ಬಹುಮಟ್ಟಿಗೆ ನಿರ್ಧಾರವಾದಂತಾಯಿತು. 78 ರನ್ನುಗಳ ಮುನ್ನಡೆ ಪಡೆದ ಕರ್ನಾಟಕ ಎರಡನೆಯ ಸಲ ಬ್ಯಾಟ್ ಹಿಡಿದು ಉಳಿದ ಕಾಲವನ್ನು ಎಚ್ಚರಿಕೆಯಿಂದ ಕಳೆಯಿತು. ಪಂದ್ಯ ಡ್ರಾ ಆಯಿತು. ಆದರೂ ಕರ್ನಾಟಕ ಗೆದ್ದಿತು. ಹೊರದೇಶದವನೊಬ್ಬನಿಗೆ ಈ ವಾಕ್ಯವನ್ನು ಹೇಳಿದರೆ ಅವನು ತಲೆ ಕೆರೆದುಕೊಂಡಾನು. ಬೆಂಗಳೂರಿನ ಜನರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಬಳಿಕ ಜಯಪುರದಲ್ಲಿ ನಡೆದ ಫೈನಲಿನಲ್ಲಿ ಕರ್ನಾಟಕ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತಂದಿತು. ಫೈನಲಿನ ಗೆಲುವು ಸಂಪೂರ್ಣ ಜಯ; ನಿಯಮದ ಊರುಗೋಲು ಅದಕ್ಕೆ ಬೇಕಾಗಲಿಲ್ಲ. ಹಾಗಿದ್ದರೂ ಜನ ಇಂದಿಗೂ ನೆನೆಯುವುದು ಡ್ರಾ ಆದ ಸೆಮಿಫೈನಲನ್ನೇ.

ಮೊದಲ ಇನ್ನಿಂಗ್ಸ್ ಮುನ್ನಡೆಯ ನಿಯಮವನ್ನು ಟೀಕಿಸುವವರು ಉಂಟು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಮುನ್ನಡೆ ಪಡೆದ ತಂಡಕ್ಕೆ ಎದುರಾಳಿಯನ್ನು ಪೂರ್ಣವಾಗಿ ಸೋಲಿಸುವ ಆತುರ ಉಳಿಯುವುದಿಲ್ಲ. ಕಾಲ ತಳ್ಳಿದರೆ ಸಾಕು. ಉಳಿದ ಆಟ ನೀರಸವಾಗುತ್ತದೆ. ಈ ದೋಷವನ್ನು ಕಡಮೆ ಮಾಡಲು ಲೀಗ್ ಹಂತದಲ್ಲಿ ಈಗ ಪೂರ್ಣ ಜಯಕ್ಕೆ 6 ಅಂಕ, ಮುನ್ನಡೆಗೆ ಕೇವಲ 3 ಅಂಕ, ಹಿಂದೆ ಬಿದ್ದವರಿಗೆ 1 ಅಂಕ ಎಂದು ತೂಕ ಹಾಕಿದ್ದಾರೆ. ಆದರೆ ಒಂದು ಗುಣವನ್ನು ಟೀಕಾಕಾರರೂ ಒಪ್ಪಬೇಕು. ನಿಯಮ ಮೊದಲ ಚೆಂಡು ಎಸೆಯುವ ಮುನ್ನವೇ ಎರಡೂ ತಂಡಗಳಿಗೆ ಗೊತ್ತಿರುತ್ತದೆ. ಬೀದಿಯ ಹುಡುಗರಲ್ಲಿ ಜಗಳವಾಗುವುದು ನಿಯಮ ಕೆಟ್ಟದ್ದೆಂದಲ್ಲ, ಕತ್ತಲಾದ ಮೇಲೆ ನಿಯಮ ಹುಡುಕುತ್ತಾರೆಂದು.

ಫಲಿತಾಂಶ ನಿಶ್ಚಯವಾದ ಮೇಲೂ ಆಟದಲ್ಲಿ ಜೀವ ಉಳಿದಿರಬಹುದೆಂಬುದಕ್ಕೆ 1982ರ ಸೆಮಿಫೈನಲ್ ಸಾಕ್ಷಿ. ಅದೇ ಬೆಂಗಳೂರಿನ ಕ್ರೀಡಾಂಗಣ, ಅವೇ ಎರಡು ತಂಡಗಳು. ಎಡಗೈ ಸ್ಪಿನ್ ಬೌಲರ್ ರಘುರಾಮ್ ಭಟ್ ಮೊದಲ ಇನ್ನಿಂಗ್ಸಿನಲ್ಲಿ ಎಂಟು ವಿಕೆಟ್ ಕಿತ್ತರು. ಬೊಂಬಾಯಿ 271ಕ್ಕೆ ಮುಗಿಯಿತು; ಕರ್ನಾಟಕ 470 ರನ್ ಗಳಿಸಿತು. ಬೊಂಬಾಯಿಗೆ ಫೈನಲಿನ ದಾರಿ ಬಹುತೇಕ ಮುಚ್ಚಿದಂತಾಯಿತು. ಎರಡನೆಯ ಸರದಿಯಲ್ಲಿಯೂ ನೆಲ ಬಿರುಕುಬಿಟ್ಟು ಚೆಂಡು ವಿಪರೀತ ತಿರುಗುತ್ತಿತ್ತು. ಸಾಮಾನ್ಯವಾಗಿ ಆಟವನ್ನು ಆರಂಭಿಸುವ ಗಾವಸ್ಕರ್ ಈ ಸಲ ಕೆಳಗಿನ ಕ್ರಮಾಂಕದಲ್ಲಿ ಬಂದರು. ಬಂದವರು ಭಟ್ಟರ ಎಸೆತಗಳಿಗೆ ಎಡಗೈ ದಾಂಡಿಗನಂತೆ ತಿರುಗಿ ನಿಂತರು! ಬೇರೆ ಬೌಲರ್‌ಗಳಿಗೆ ಎಂದಿನ ಬಲಗೈ ಆಟ. ಇದು ಚೇಷ್ಟೆಯಲ್ಲ, ಲೆಕ್ಕಾಚಾರ. ಬಲಗೈ ದಾಂಡಿಗನಿಂದ ಹೊರಕ್ಕೆ ತಿರುಗಿ ಬ್ಯಾಟಿನ ಅಂಚು ಸವರುವ ಚೆಂಡು, ಎಡಗೈಯವನಿಗೆ ಮೈಯತ್ತ ಒಳಕ್ಕೆ ಬರುತ್ತದೆ. ಅದನ್ನು ತಡೆಯುವುದು ಸುಲಭ. ಗಾವಸ್ಕರ್ 18 ರನ್ ಗಳಿಸಿ ಔಟಾಗದೆ ಉಳಿದರು. ಬೊಂಬಾಯಿ ಒಂಬತ್ತು ವಿಕೆಟ್ ಕಳೆದುಕೊಂಡು 200 ರನ್ನುಗಳಲ್ಲಿ ನಿಂತಿತು. ಪೂರ್ಣ ಸೋಲಿನಿಂದ ಪಾರಾಯಿತು. ಕರ್ನಾಟಕ ಹೇಗೂ ಫೈನಲಿಗೆ ಹೋಯಿತು. ಅಂಕಪಟ್ಟಿಯಲ್ಲಿ ಗಾವಸ್ಕರ್ ಹೆಸರಿನ ಮುಂದೆ 18 ಎಂದಷ್ಟೇ ಇದೆ. ಅವರು ಯಾವ ಕೈಯಲ್ಲಿ ಆಡಿದರೆಂಬುದನ್ನು ಬರೆಯಲು ಅದರಲ್ಲಿ ಅಂಕಣವಿಲ್ಲ.

ಆ ವರ್ಷದ ಫೈನಲ್ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಆತಿಥೇಯ ದೆಹಲಿಯ ವಿರುದ್ಧ ನಡೆಯಿತು. ಕರ್ನಾಟಕ ಮೊದಲು ಆಡಿ 705 ರನ್ ಗಳಿಸಿತು. ರೋಜರ್ ಬಿನ್ನಿ, ಬ್ರಿಜೇಶ್ ಪಟೇಲ್, ಸೈಯದ್ ಕಿರ್ಮಾನಿ ಮೂವರೂ ಶತಕ ಬಾರಿಸಿದರು. ಯಾವ ಕಾಲದ, ಯಾವ ದೇಶದ ಕ್ರಿಕೆಟ್ಟಿನಲ್ಲಿಯೂ 705 ಎಂದರೆ ಬೆಟ್ಟದಂಥ ಮೊತ್ತ. ಅಷ್ಟು ಗಳಿಸಿದ ತಂಡ ಸೋಲುವುದುಂಟೆ ಎಂದು ಯಾರಾದರೂ ನಕ್ಕಿದ್ದರೆ ಅವರನ್ನು ದೂರುವಂತಿಲ್ಲ.

ದೆಹಲಿ ತಾಳ್ಮೆಯಿಂದ ಹತ್ತತೊಡಗಿತು. ಮೊಹಿಂದರ್ ಅಮರನಾಥ್ 185 ರನ್ ಗಳಿಸಿದರು. ಗುರುಶರಣ್ ಸಿಂಗ್ 101. ಎಂಟನೆಯ ವಿಕೆಟ್ ಬಿದ್ದಾಗ ಮೊತ್ತ 589. ಇನ್ನು ಬೇಕಾಗಿದ್ದುದು 117; ಕೈಯಲ್ಲಿದ್ದುದು ಎರಡೇ ವಿಕೆಟ್. ರಾಕೇಶ್ ಶುಕ್ಲಾ ಅವರ ಜೊತೆಗೂಡಲು ಬಂದವರು ರಾಜೇಶ್ ಪೀಟರ್. ಇವರು ತಂಡಕ್ಕೆ ಆಯ್ಕೆಯಾದದ್ದು ಚೆಂಡೆಸೆಯಲು, ಬ್ಯಾಟ್ ಬೀಸಲು ಅಲ್ಲ. ಕರ್ನಾಟಕಕ್ಕೆ ಒಂದೆರಡು ಒಳ್ಳೆಯ ಎಸೆತಗಳು ಸಾಕಾಗಿದ್ದವು; ಅವು ಬರಲಿಲ್ಲ, ಅಥವಾ ಬಂದರೂ ವಿಕೆಟ್ಟಿಗೆ ತಗುಲಲಿಲ್ಲ. ನಿಗದಿಯಾದ ದಿನಗಳು ತೀರಿ ಆಟ ಆರನೆಯ ದಿನಕ್ಕೆ ಬೆಳೆಯಿತು. ಶುಕ್ಲಾ 69, ಪೀಟರ್ 67, ಇಬ್ಬರೂ ಔಟಾಗಲಿಲ್ಲ. ದೆಹಲಿಯ ಮೊತ್ತ ಎಂಟು ವಿಕೆಟ್ಟಿಗೆ 707 ಆದೊಡನೆ ಎಲ್ಲವೂ ಮುಗಿಯಿತು. ಎರಡು ರನ್ನುಗಳ ಮುನ್ನಡೆ; ಟ್ರೋಫಿ ದೆಹಲಿಗೆ.

1974ರಲ್ಲಿ ಕರ್ನಾಟಕಕ್ಕೆ ವರವಾದ ನಿಯಮವೇ 1982ರಲ್ಲಿ ಶಾಪವಾಯಿತು ಎಂದು ಬರೆದವರುಂಟು. ವರ, ಶಾಪ ಎಂಬ ಮಾತುಗಳು ಇಲ್ಲಿ ಸಲ್ಲವು. ನಿಯಮಕ್ಕೆ ಯಾವ ರಾಜ್ಯದ ಮೇಲೂ ಪ್ರೀತಿಯಿಲ್ಲ, ಮುನಿಸಿಲ್ಲ. ಮೊದಲನೆಯ ತೀರ್ಪನ್ನು ಸಂತೋಷದಿಂದ ಒಪ್ಪಿದವರು ಎರಡನೆಯದನ್ನು ದುಃಖದಿಂದಲಾದರೂ ಒಪ್ಪಲೇಬೇಕಾಗಿತ್ತು. ಕರ್ನಾಟಕದ ಆಟಗಾರರು ಒಪ್ಪಿದರು. ಮರುವರ್ಷವೇ, 1983ರಲ್ಲಿ, ಬೊಂಬಾಯಿಯ ನೆಲದಲ್ಲಿ ಬೊಂಬಾಯಿಯ ವಿರುದ್ಧ ಫೈನಲ್ ಆಡಿ, ಅದೇ ಮೊದಲ ಇನ್ನಿಂಗ್ಸ್ ಮುನ್ನಡೆಯ ಆಧಾರದ ಮೇಲೆ ಟ್ರೋಫಿಯನ್ನು ಮರಳಿ ಪಡೆದರು.

ಕ್ರಿಕೆಟ್ಟಿನ ದಾಯಾದಿಯಂತಿರುವ ಬೇಸ್‌ಬಾಲ್ ಆಟದವರು ಈ ತೊಡಕನ್ನು ಬೇರೊಂದು ಬಗೆಯಲ್ಲಿ ಬಿಡಿಸಿಕೊಂಡಿದ್ದಾರೆ. ಅದು ಅಮೆರಿಕದ ಜನಪ್ರಿಯ ಆಟ. ಅಲ್ಲಿಯೂ ಚೆಂಡು, ದಾಂಡು, ರನ್, ಇನ್ನಿಂಗ್ಸ್ ಎಲ್ಲ ಉಂಟು. ಆದರೆ ಹತ್ತು ಜನ ಔಟಾಗುವವರೆಗೆ ಒಂದೇ ತಂಡ ಆಡುವುದಿಲ್ಲ. ಮೂವರು ಔಟಾದೊಡನೆ ಸರದಿ ಎದುರಾಳಿಗೆ. ಹೀಗೆ ಎರಡೂ ಕಡೆಯವರು ಒಂಬತ್ತೊಂಬತ್ತು ಸಲ ಆಡುತ್ತಾರೆ. ಹೊಡೆದವನು ನಾಲ್ಕು ನೆಲೆಗಳನ್ನು ಸುತ್ತಿ ಹೊರಟಲ್ಲಿಗೆ ಮರಳಿದರೆ ಒಂದು ರನ್. ಆದಕಾರಣ ರನ್ನುಗಳು ವಿರಳ. ಐದಕ್ಕೆ ಮೂರು, ಎರಡಕ್ಕೆ ಒಂದು ಎಂಬಂಥ ಫಲಿತಾಂಶಗಳೇ ಹೆಚ್ಚು. ಆ ದೇಶದಲ್ಲಿ ಆಟ ಬಹು ಹಿಂದೆಯೇ ವೃತ್ತಿಯಾಯಿತು. 1869ರಲ್ಲಿಯೇ ಸಿನ್ಸಿನಾಟಿ ನಗರದ ತಂಡವೊಂದು ತನ್ನೆಲ್ಲ ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿತು.

ಒಂಬತ್ತು ಇನ್ನಿಂಗ್ಸ್ ಮುಗಿದಾಗ ರನ್ ಸಮವಾಗಿದ್ದರೆ ಬೇಸ್‌ಬಾಲಿನಲ್ಲಿ ಡ್ರಾ ಎನ್ನುವುದಿಲ್ಲ. ಹತ್ತನೆಯದನ್ನು ಆಡುತ್ತಾರೆ, ಹನ್ನೊಂದನೆಯದನ್ನು ಆಡುತ್ತಾರೆ, ಒಬ್ಬರು ಮುಂದೆ ಹೋಗುವವರೆಗೂ ಆಡುತ್ತಲೇ ಇರುತ್ತಾರೆ. ಈ ಹಟ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಪಾಟಕೆಟ್ ಎಂಬ ಸಣ್ಣ ಪಟ್ಟಣದ ಪಂದ್ಯ ನಿದರ್ಶನ. 1981ರ ಏಪ್ರಿಲ್ 18ರ ರಾತ್ರಿ ಪಾಟಕೆಟ್ ಮತ್ತು ರಾಚೆಸ್ಟರ್ ತಂಡಗಳು ಆಟ ಆರಂಭಿಸಿದವು. ಕೊರೆಯುವ ಚಳಿ. ನಡುರಾತ್ರಿ ಕಳೆಯಿತು. ಒಂದು ತಂಡ ಒಂದು ರನ್ ಗಳಿಸಿದರೆ ಇನ್ನೊಂದೂ ಗಳಿಸಿ ಸರಿಗಟ್ಟುತ್ತಿತ್ತು. ಬೆಳಗಿನ ಜಾವ 4 ಗಂಟೆ ದಾಟಿ ಏಳು ನಿಮಿಷವಾದಾಗ, ಮೂವತ್ತೆರಡು ಇನ್ನಿಂಗ್ಸ್ ಮುಗಿದು ಮೊತ್ತ ಇನ್ನೂ 2-2 ಆಗಿದ್ದಾಗ, ಆಟವನ್ನು ತಡೆಹಿಡಿದರು. ಆಗ ಮೈದಾನದಲ್ಲಿ ಉಳಿದಿದ್ದ ಪ್ರೇಕ್ಷಕರು ಹತ್ತೊಂಬತ್ತು ಮಂದಿ. ಉಳಿದ ಆಟ ಜೂನ್ 23ರಂದು, ಎರಡು ತಿಂಗಳ ಬಳಿಕ, ಮುಂದುವರಿಯಿತು. ಅದು ನಡೆದದ್ದು ಹದಿನೆಂಟೇ ನಿಮಿಷ. ಮೂವತ್ತಮೂರನೆಯ ಇನ್ನಿಂಗ್ಸಿನಲ್ಲಿ ಒಂದು ರನ್ ಬಂದಿತು. ಪಾಟಕೆಟ್ 3-2ರಿಂದ ಗೆದ್ದಿತು. ವೃತ್ತಿಪರ ಬೇಸ್‌ಬಾಲಿನಲ್ಲಿ ಅದಕ್ಕಿಂತ ದೀರ್ಘವಾದ ಪಂದ್ಯ ಬೇರೊಂದಿಲ್ಲ.

ಈ ಹಟಕ್ಕೂ ಬೆಲೆಯುಂಟು. ಆಟಗಾರರು ಬಳಲುತ್ತಾರೆ, ಮರುದಿನದ ಪಂದ್ಯ ಕೆಡುತ್ತದೆ. ಆದಕಾರಣ ಅಮೆರಿಕದ ಪ್ರಮುಖ ಲೀಗಿನವರು 2020ರಿಂದ ಒಂದು ಬದಲಾವಣೆ ಮಾಡಿದರು. ಲೀಗ್ ಪಂದ್ಯ ಹತ್ತನೆಯ ಇನ್ನಿಂಗ್ಸಿಗೆ ಹೋದರೆ, ಆಡುವ ತಂಡದ ಒಬ್ಬನನ್ನು ಮೊದಲೇ ಎರಡನೆಯ ನೆಲೆಯಲ್ಲಿ ನಿಲ್ಲಿಸುತ್ತಾರೆ. ಅರ್ಧ ದಾರಿ ಆಗಲೇ ಸಾಗಿದಂತಾಗುವುದರಿಂದ ರನ್ ಬೇಗ ಬರುತ್ತದೆ, ಪಂದ್ಯ ಬೇಗ ಮುಗಿಯುತ್ತದೆ. ಗಳಿಸದ ನೆಲೆಯನ್ನು ದಾನವಾಗಿ ಕೊಡುವ ಈ ಕ್ರಮಕ್ಕಿಂತ ನಮ್ಮ ಮುನ್ನಡೆಯ ನಿಯಮವೇ ಮೇಲೆಂದು ಕ್ರಿಕೆಟ್ ಪ್ರಿಯರು ಹೇಳಿದರೆ ಆಶ್ಚರ್ಯವಿಲ್ಲ.

ಆದರೆ ಕ್ರಿಕೆಟ್ ಪ್ರಿಯರು ಹೆಚ್ಚು ಬೀಗುವಂತೆಯೂ ಇಲ್ಲ. 2019ರ ಜುಲೈ 14ರಂದು ಲಾರ್ಡ್ಸ್ ಮೈದಾನದಲ್ಲಿ ನಡೆದ ವಿಶ್ವಕಪ್ ಫೈನಲಿನಲ್ಲಿ ನ್ಯೂಜಿಲೆಂಡ್ ಮತ್ತು ಇಂಗ್ಲೆಂಡ್ ಎರಡೂ 241 ರನ್ ಗಳಿಸಿದವು. ಒಂದೊಂದು ಹೆಚ್ಚುವರಿ ಓವರ್ ಆಡಿಸಿದರು. ಎರಡೂ 15 ರನ್ ಗಳಿಸಿದವು. ಕೊನೆಗೆ ಯಾರು ಹೆಚ್ಚು ಬೌಂಡರಿ ಹೊಡೆದಿದ್ದಾರೆಂದು ಎಣಿಸಿದರು. ಇಂಗ್ಲೆಂಡಿನದು 26, ನ್ಯೂಜಿಲೆಂಡಿನದು 17. ಕಪ್ಪು ಇಂಗ್ಲೆಂಡಿಗೆ ಹೋಯಿತು. ನ್ಯೂಜಿಲೆಂಡ್ ಎಂಟು ವಿಕೆಟ್ ಮಾತ್ರ ಕಳೆದುಕೊಂಡಿತ್ತು, ಇಂಗ್ಲೆಂಡ್ ಹತ್ತನ್ನೂ ಕಳೆದುಕೊಂಡಿತ್ತು. ಬೌಂಡರಿಯ ಬದಲು ವಿಕೆಟ್ ಎಣಿಸಿದ್ದರೆ ಫಲಿತಾಂಶ ತಿರುಗುಮುರುಗಾಗುತ್ತಿತ್ತು. ಎರಡು, ಮೂರು ಎಂದು ಬೆವರು ಸುರಿಸಿ ಓಡಿದ ರನ್ನಿಗೆ ಗಡಿ ದಾಟಿದ ಹೊಡೆತಕ್ಕಿಂತ ಕಡಮೆ ಬೆಲೆ ಏಕೆ? ಈ ಪ್ರಶ್ನೆಗೆ ಸಮರ್ಪಕವಾದ ಉತ್ತರ ಯಾರ ಬಳಿಯೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಆ ನಿಯಮವನ್ನು ಕೈಬಿಟ್ಟು, ಒಬ್ಬರು ಗೆಲ್ಲುವವರೆಗೂ ಹೆಚ್ಚುವರಿ ಓವರ್‌ಗಳನ್ನು ಆಡಿಸಬೇಕೆಂದು ತೀರ್ಮಾನಿಸಿದರು. ಬೇಸ್‌ಬಾಲಿನ ದಾರಿಗೆ ಕ್ರಿಕೆಟ್ ಒಂದು ಹೆಜ್ಜೆ ಹತ್ತಿರ ಬಂದಂತಾಯಿತು. ಹಳೆಯ ನಿಯಮದಡಿ ಸಂದ ಕಪ್ಪನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ.

ಯಾವ ನಿಯಮದ ನೆರವೂ ಇಲ್ಲದೆ, ಆಟವೇ ಕೊನೆಯ ಮಾತನ್ನಾಡಿದ ಪಂದ್ಯವೊಂದು ನಮ್ಮ ನಾಡಿನಲ್ಲಿಯೇ ನಡೆಯಿತು. 2010ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಆವರಣದಲ್ಲಿರುವ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್. ಎದುರಾಳಿ ಮತ್ತೆ ಅದೇ ನಗರ. ಬೊಂಬಾಯಿ ಎಂಬ ಹೆಸರು ಹೋಗಿ ಮುಂಬಯಿ ಆಗಿತ್ತು. ಮುಂಬಯಿ 233 ರನ್ ಗಳಿಸಿದರೆ ಕರ್ನಾಟಕ 130ಕ್ಕೆ ಕುಸಿಯಿತು. ಮುನ್ನಡೆಯ ಲೆಕ್ಕದಲ್ಲಿ ಪಂದ್ಯ ಅರ್ಧದಲ್ಲಿಯೇ ಕೈಬಿಟ್ಟಿತ್ತು. ಇನ್ನು ಪೂರ್ಣ ಜಯವೊಂದೇ ದಾರಿ. ಮುಂಬಯಿ ಎರಡನೆಯ ಸಲ 234ಕ್ಕೆ ಮುಗಿದಾಗ ಗೆಲ್ಲಲು 338 ರನ್ ಬೇಕಾಗಿತ್ತು. ಅಲ್ಲಿಯವರೆಗೆ ಆ ಪಂದ್ಯದ ಯಾವ ಇನ್ನಿಂಗ್ಸಿನಲ್ಲಿಯೂ ಯಾವ ತಂಡವೂ ಅಷ್ಟು ರನ್ನಿನ ಹತ್ತಿರ ಸುಳಿದಿರಲಿಲ್ಲ.

ಇಪ್ಪತ್ತರ ಹರೆಯದ ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ಒಂದುಗೂಡಿ ಆಡಿದಾಗ ಅಸಾಧ್ಯವೆಂಬುದು ಮೆಲ್ಲಮೆಲ್ಲನೆ ಸಾಧ್ಯವಾಗತೊಡಗಿತು. ಪಾಂಡೆ 144, ಸತೀಶ್ 75. ಮೈದಾನದ ಸುತ್ತ ಜನ ಕಿಕ್ಕಿರಿದರು. ಗೆಲುವು ಕಣ್ಣಿಗೆ ಕಾಣುವಷ್ಟು ಸಮೀಪಿಸಿದಾಗ ವಿಕೆಟ್‌ಗಳು ಒಂದೊಂದಾಗಿ ಉರುಳಿದವು. ಅನುಭವಿ ಅಜಿತ್ ಅಗರ್ಕರ್ ಐದು ವಿಕೆಟ್ ಪಡೆದರು. ಕೊನೆಯ ದಾಂಡಿಗ ಔಟಾದಾಗ ಫಲಕದ ಮೇಲೆ 331 ಎಂದಿತ್ತು.

ಮುಂಬಯಿಯ ಎರಡು ಇನ್ನಿಂಗ್ಸ್ ಕೂಡಿದರೆ 467, ಕರ್ನಾಟಕದ್ದು 461. ನಾಲ್ಕು ದಿನಗಳ ಆಟದಲ್ಲಿ ಎರಡೂ ತಂಡಗಳು ಸೇರಿ 928 ರನ್ ಗಳಿಸಿದ್ದವು, ಅಂತರ ಆರು. ಮುಂಬಯಿ ತನ್ನ 39ನೆಯ ರಣಜಿ ಟ್ರೋಫಿಯನ್ನು ಎತ್ತಿಕೊಂಡು ಹೋಯಿತು. ಕರ್ನಾಟಕ ಮತ್ತೆ ನಾಲ್ಕು ವರ್ಷ ಕಾದು, 2014ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಸೋಲಿಸಿ, ಟ್ರೋಫಿಯನ್ನು ಬೆಂಗಳೂರಿಗೆ ತಂದಿತು.